ಶಸ್ತ್ರ ಮಾರದ ಕೈ

ನೆರೆಮನೆಯವನು ತನ್ನ ಮಕ್ಕಳನ್ನು ನಿರ್ದಯವಾಗಿ ಥಳಿಸುತ್ತಾನೆಂದು ತಿಳಿದ ಮೇಲೂ ನೀವು ಅವನಿಗೆ ಬೆತ್ತ ಮಾರುವಿರಾ? "ನಾನು ಮಾರದಿದ್ದರೆ ಮತ್ತೊಬ್ಬನು ಮಾರುತ್ತಾನೆ" ಎಂಬ ಸಮಾಧಾನ ಅಂಗಡಿಯಲ್ಲಿ ಸಲ್ಲಬಹುದು, ಪಾಪನಿವೇದನೆಯಲ್ಲಿ ಸಲ್ಲದು. ಗುರುಮಠದಲ್ಲಿ ನಾವು ಇದನ್ನು 'ಕೇಡಿನಲ್ಲಿ ಸಹಭಾಗಿತ್ವ' ಎಂಬ ಪಾಠವಾಗಿ ಕಲಿತು, ಪರೀಕ್ಷೆ ಬರೆದು ಮರೆತಿದ್ದೆವು. ಮಾರುವವನು ಒಂದು ರಾಷ್ಟ್ರವಾದಾಗ, ಕೊಳ್ಳುವವನು ತನ್ನ ಪ್ರಜೆಗಳನ್ನೇ ಹಿಂಸಿಸುವ ಸರ್ಕಾರವಾದಾಗ, ಆ ಪಾಠ ಮತ್ತೆ ನೆನಪಾಗುತ್ತದೆ.

1976ರ ಜೂನ್ 16ರಂದು ದಕ್ಷಿಣ ಆಫ್ರಿಕಾದ ಸೊವೆಟೊದಲ್ಲಿ ಪ್ರತಿಭಟಿಸುತ್ತಿದ್ದ ಶಾಲಾಮಕ್ಕಳ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮರುವರ್ಷದ ಸೆಪ್ಟೆಂಬರಿನಲ್ಲಿ ಹೋರಾಟಗಾರ ಸ್ಟೀವ್ ಬಿಕೊ ಪೊಲೀಸ್ ಬಂಧನದಲ್ಲಿಯೇ ಅಸುನೀಗಿದರು. 1977ರ ನವೆಂಬರ್ 4ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಆ ದೇಶಕ್ಕೆ ಯಾರೂ ಶಸ್ತ್ರಾಸ್ತ್ರ ಒದಗಿಸಕೂಡದೆಂದು ಕಡ್ಡಾಯ ನಿರ್ಬಂಧ ವಿಧಿಸಿತು. ಸದಸ್ಯರಾಷ್ಟ್ರವೊಂದರ ಮೇಲೆ ಅಂತಹ ನಿರ್ಬಂಧ ಅದೇ ಮೊದಲನೆಯದು. ಫಲವೇನೆಂದು ಕೇಳುವಿರಿ. ವರ್ಣಭೇದದ ಸರ್ಕಾರ ಆರ್ಮ್‌ಸ್ಕರ್ ಎಂಬ ತನ್ನದೇ ಸಂಸ್ಥೆಯ ಮೂಲಕ ಆಯುಧಗಳನ್ನು ತಯಾರಿಸಿಕೊಂಡಿತು, ಕಳ್ಳದಾರಿಯಿಂದಲೂ ತರಿಸಿಕೊಂಡಿತು. ನಿರ್ಬಂಧ ತೆರವಾದದ್ದು ಮಂಡೇಲರು ಅಧ್ಯಕ್ಷರಾದ ಬಳಿಕ, 1994ರಲ್ಲಿ. ಅಷ್ಟು ದೀರ್ಘಕಾಲ ಬಿಳಿಯರ ಆಳ್ವಿಕೆ ಬೀಳಲಿಲ್ಲವೆಂದು ಆ ನಿರ್ಣಯವನ್ನು ವ್ಯರ್ಥವೆನ್ನಲು ನಾನು ಸಿದ್ಧನಿಲ್ಲ. ಮತ್ತೊಬ್ಬನ ಪಾಪವನ್ನು ತಡೆಯಲಾಗದಿದ್ದರೂ ಅದರಲ್ಲಿ ನನ್ನ ಪಾಲನ್ನು ನಾನು ತಡೆಯಬಲ್ಲೆ.

ಇಷ್ಟಕ್ಕೇ ನಿಂತರೆ ಮಾತು ತೀರಾ ಸುಲಭವಾಯಿತು. ಯುಗೊಸ್ಲಾವಿಯಾ ಒಡೆಯುತ್ತಿದ್ದಾಗ, 1991ರ ಸೆಪ್ಟೆಂಬರಿನಲ್ಲಿ, ಇಡೀ ದೇಶಕ್ಕೆ ಇದೇ ನಿರ್ಬಂಧ ಹೇರಲಾಯಿತು. ಹಳೆಯ ಸೇನೆಯ ತೋಪು ಟ್ಯಾಂಕುಗಳಾಗಲೇ ಬಹುಪಾಲು ಸರ್ಬ್ ಪಡೆಗಳ ವಶದಲ್ಲಿದ್ದವು. ಮುತ್ತಿಗೆಗೆ ಸಿಕ್ಕಿದ ಬೋಸ್ನಿಯಾಕ್ಕೆ ಮಾತ್ರ ಕೊಳ್ಳುವ ಬಾಗಿಲು ಮುಚ್ಚಿತ್ತು. 1995ರ ಜುಲೈನಲ್ಲಿ, ವಿಶ್ವಸಂಸ್ಥೆಯೇ ಸುರಕ್ಷಿತವೆಂದು ಘೋಷಿಸಿದ್ದ ಸ್ರೆಬ್ರೆನಿಕಾದಲ್ಲಿ, ಸುಮಾರು 8,000 ಗಂಡಸರು, ಹುಡುಗರು ಹತರಾದರು. ನಿರ್ಬಂಧವೊಂದೇ ಇದಕ್ಕೆ ಕಾರಣವೆನ್ನಲಾಗದು. ಆದರೆ ಹೊಡೆಯುವವನಿಗೂ ಹೊಡೆಸಿಕೊಳ್ಳುವವನಿಗೂ ಒಂದೇ ನಿಯಮ ಹಾಕಿ, ಹೊಡೆಸಿಕೊಳ್ಳುವವನ ರಕ್ಷಣೆಗೆ ಯಾರೂ ನಿಲ್ಲದಿದ್ದಾಗ, ನನಗೆ ಪಿಲಾತನ ನೀರಿನ ಪಾತ್ರೆ ಕಾಣುತ್ತದೆ.

ನಮ್ಮ ಮಗ್ಗುಲಲ್ಲೇ ಮ್ಯಾನ್ಮಾರ್ ಇದೆ. 2021ರ ಫೆಬ್ರವರಿಯಲ್ಲಿ ಸೇನೆ ಅಧಿಕಾರ ಕಸಿದುಕೊಂಡು ಜನರ ಮೇಲೆ ಗುಂಡು ಹಾರಿಸಿತು. ಅಲ್ಲಿಗೆ ಶಸ್ತ್ರಾಸ್ತ್ರ ಹರಿಯದಂತೆ ತಡೆಯಿರೆಂದು ಅದೇ ಜೂನ್ 18ರಂದು ವಿಶ್ವಸಂಸ್ಥೆಯ ಮಹಾಸಭೆ ಎಲ್ಲ ದೇಶಗಳನ್ನು ಕೇಳಿಕೊಂಡಿತು. ಪರವಾಗಿ 119 ಮತಗಳು. ತಟಸ್ಥರು 36, ಅವರಲ್ಲಿ ನಮ್ಮ ಭಾರತವೂ ಒಂದು. ಉದ್ದನೆಯ ಗಡಿಯಿದೆ, ಈಶಾನ್ಯದ ಭದ್ರತೆಯ ಚಿಂತೆಯಿದೆ, ಇವು ಹಗುರವಾದ ಕಾರಣಗಳಲ್ಲ. ಆದರೂ ಅಂದು ಎತ್ತದೆ ಉಳಿದ ನಮ್ಮ ಕೈಯನ್ನು ಹಿಂತೆಗೆದ ಕೈ ಎಂದು ಕರೆಯಲು ನನಗೆ ಬಾಯಿ ಬರುತ್ತಿಲ್ಲ.