ಅಲೆ ಯಾರ ಸ್ವತ್ತು?

ಎಲ್ಲರಿಗೂ ಸೇರಿದ, ಆದರೆ ಒಂದು ಸಲಕ್ಕೆ ಒಬ್ಬರು ಮಾತ್ರ ಬಳಸಬಹುದಾದ ವಸ್ತುವನ್ನು ಹಂಚಿಕೊಳ್ಳುವುದು ಹೇಗೆ? ಇದು ಹಳೆಯ ಪ್ರಶ್ನೆ. ಬೀದಿ ನಲ್ಲಿಯ ಮುಂದೆ ಕೊಡಗಳ ಸಾಲನ್ನು ಕಂಡವರಿಗೆಲ್ಲ ಅದಕ್ಕೆ ನಾವು ಕಂಡುಕೊಂಡ ಉತ್ತರವೂ ಗೊತ್ತು: ಸರದಿ. ಕೊಡ ಇಟ್ಟು ಹೋದರೆ ಸಾಕು, ಮನುಷ್ಯನ ಪರವಾಗಿ ಕೊಡವೇ ನಿಂತಿರುತ್ತದೆ. ಆದರೆ ನಲ್ಲಿಯೇ ಒಂದೆಡೆ ನಿಲ್ಲದೆ ಓಡಾಡತೊಡಗಿದರೆ? ಇಂದು ಇಲ್ಲಿ, ನಾಳೆ ನೂರು ಗಜ ಆಚೆ ನೀರು ಬರತೊಡಗಿದರೆ ನಮ್ಮ ಸಾಲು ಎಲ್ಲಿಂದ ಶುರುವಾಗಬೇಕು?

ಫ್ರಾನ್ಸಿನ ನೈಋತ್ಯ ಮೂಲೆಯಲ್ಲಿ, ಅಟ್ಲಾಂಟಿಕ್ ಸಾಗರದ ಬಿಸ್ಕೇ ಕೊಲ್ಲಿಗೆ ಮುಖ ಮಾಡಿರುವ ಲಾಂದ್ ಎಂಬ ಪ್ರಾಂತ್ಯವಿದೆ. ನೂರು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಬರೀ ಮರಳು, ಅದರ ಬೆನ್ನಿಗೆ ಪೈನ್ ಮರಗಳ ಕಾಡು. ಅಲ್ಲಿನ ಓಸ್ಗೊರ್ ಎಂಬ ಪುಟ್ಟ ಊರು ಸರ್ಫಿಂಗ್ ಆಡುವವರ ಪಾಲಿಗೆ ಯುರೋಪಿನ ರಾಜಧಾನಿಯಿದ್ದಂತೆ. 2002ರಿಂದ 2019ರವರೆಗೆ ವಿಶ್ವಮಟ್ಟದ ವೃತ್ತಿಪರ ಸ್ಪರ್ಧೆಯ ಒಂದು ಸುತ್ತು ಈ ಪ್ರದೇಶದಲ್ಲೇ ನಡೆಯಿತು. ಹಲಗೆಯೊಂದರ ಮೇಲೆ ನಿಂತು, ಮುರಿಯುತ್ತಿರುವ ಅಲೆಯ ಇಳಿಜಾರಿನಲ್ಲಿ ಜಾರುವ ಈ ಆಟ ನೋಡುವವರಿಗೆ ಬಿಡುವಿನ ವಿಲಾಸದಂತೆ ಕಾಣಬಹುದು. ಆದರೆ ಆ ನೀರಿನಲ್ಲಿ ದಿನವೂ ನಡೆಯುವ ವ್ಯವಹಾರವನ್ನು ಗಮನಿಸಿದರೆ, ಹಕ್ಕು, ನ್ಯಾಯ, ಸ್ಥಳೀಯ, ಪರಕೀಯ ಎಂಬ ನಮ್ಮ ದೊಡ್ಡ ಮಾತುಗಳೆಲ್ಲ ಅಲ್ಲಿ ಅರೆಬೆತ್ತಲೆಯಾಗಿ ಈಜುತ್ತಿರುವುದು ಕಾಣುತ್ತದೆ.

ಅಲ್ಲಿಗೆ ಬರುವ ಅಲೆ ಹುಟ್ಟುವುದು ಬಹು ದೂರದಲ್ಲಿ. ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್‌ಗಳ ಕಡೆಯ ಉತ್ತರ ಅಟ್ಲಾಂಟಿಕ್‌ನಲ್ಲಿ ಬಿರುಗಾಳಿ ಎದ್ದರೆ, ಅದರ ಹೊಡೆತ ನೀರಿನ ಮೈಯಲ್ಲಿ ಎರಡು ಮೂರು ದಿನ ಪ್ರಯಾಣ ಮಾಡಿ ಈ ತೀರಕ್ಕೆ ಮುಟ್ಟುತ್ತದೆ. ಬರುವುದು ಆ ನೀರಲ್ಲ, ನೀರಿನ ಮೂಲಕ ಹಾಯುವ ಕಸುವು. ತೀರದ ಸಮೀಪ ಆಳ ಕಡಿಮೆಯಾದಾಗ ಅಲೆಯ ಕಾಲು ನೆಲಕ್ಕೆ ತಡೆದು, ತಲೆ ಮುಂದೆ ಹೋಗಿ ಅದು ಮುರಿಯುತ್ತದೆ. ಎರಡು ಮೀಟರ್ ಎತ್ತರದ ಅಲೆ ಮುರಿಯಬೇಕಾದರೆ ಸ್ಥೂಲವಾಗಿ ಎರಡೂವರೆ ಮೀಟರ್ ಆಳ ಸಾಕು. ಓಸ್ಗೊರ್‌ನ ವಿಶೇಷವೆಂದರೆ ಪಕ್ಕದ ಕಾಪ್‌ಬ್ರೆಟೊನ್ ಊರಿನೆದುರು ಸಮುದ್ರದ ತಳದಲ್ಲಿ ಒಂದು ಆಳವಾದ ಕಮರಿಯಿದೆ. ಅದು ದಡದ ಕೆಲವೇ ನೂರು ಮೀಟರುಗಳಷ್ಟು ಹತ್ತಿರಕ್ಕೆ ಬಂದಿದೆ. ಅದರ ಮೇಲಿಂದ ಬರುವ ಅಲೆ ಹೆಚ್ಚು ಕಸುವು ಕಳೆದುಕೊಳ್ಳದೆ ಬಂದು, ದಡದ ಮಗ್ಗುಲಲ್ಲೇ ಏಕಾಏಕಿ ಮರಳಿನ ದಿಣ್ಣೆಗೆ ಅಪ್ಪಳಿಸುತ್ತದೆ.

ಬಂಡೆಯ ತಳವಿರುವ ಕಡೆ ಅಲೆ ಪ್ರತಿ ಸಲವೂ ಅದೇ ಜಾಗದಲ್ಲಿ ಮುರಿಯುತ್ತದೆ. ಮರಳಿನ ಕತೆ ಬೇರೆ. ಒಂದು ಚಳಿಗಾಲದ ಬಿರುಗಾಳಿ ಸಾಕು, ದಿಣ್ಣೆ ಇದ್ದಲ್ಲಿ ಹೊಂಡ, ಹೊಂಡ ಇದ್ದಲ್ಲಿ ದಿಣ್ಣೆ. ಉಬ್ಬರಕ್ಕೆ ಒಂದು ಜಾಗ, ಇಳಿತಕ್ಕೆ ಇನ್ನೊಂದು. ಹೋದ ವರ್ಷ ಜಗತ್ತೇ ಹಾಡಿ ಹೊಗಳಿದ ಅಲೆ ಈ ವರ್ಷ ಇರುವುದೇ ಇಲ್ಲ.

ಸರ್ಫಿಂಗ್‌ನಲ್ಲಿ ಒಂದು ನಿಯಮವಿದೆ. ಯಾವ ಸರ್ಕಾರವೂ ಮಾಡಿದ್ದಲ್ಲ, ಆದರೆ ಜಗತ್ತಿನ ಎಲ್ಲ ತೀರಗಳಲ್ಲೂ ಎಲ್ಲರಿಗೂ ಗೊತ್ತಿದೆ: ಅಲೆ ಮೊದಲು ಮುರಿಯುವ ಜಾಗಕ್ಕೆ ಯಾರು ಅತಿ ಹತ್ತಿರ ಇರುತ್ತಾರೋ ಅಲೆ ಅವರದು, ಉಳಿದವರು ದಾರಿ ಬಿಡಬೇಕು. ಒಂದು ಅಲೆಗೆ ಒಬ್ಬ ಸವಾರ. ಇದು ಬರೀ ಸಭ್ಯತೆಯಲ್ಲ. ಇಬ್ಬರು ಒಂದೇ ಅಲೆಗೆ ಹಾರಿದರೆ ಹಲಗೆಯ ಅಂಚು ತಲೆಗೆ ಬಡಿಯುತ್ತದೆ. ಬಂಡೆಯ ತಳವಿದ್ದಲ್ಲಿ ಈ ನಿಯಮ ತಾನಾಗಿಯೇ ಒಂದು ಸಾಲನ್ನು ಹುಟ್ಟಿಸುತ್ತದೆ; ಜಾಗ ಖಚಿತವಿದೆ, ಕಾಯುವುದಷ್ಟೇ ಬಾಕಿ. ಮರಳಿನಲ್ಲಿ ಮಾತ್ರ ನಲ್ಲಿ ಓಡಾಡುತ್ತಿರುತ್ತದೆ. ಅರ್ಧ ಗಂಟೆ ಕಾದವನ ಕಣ್ಣೆದುರೇ ಅಲೆ ಆಗತಾನೆ ನೀರಿಗಿಳಿದವನ ಪಕ್ಕದಲ್ಲಿ ಎದ್ದು ನಿಲ್ಲುತ್ತದೆ. ಆಗ ಹಕ್ಕು ಯಾರದು?

ಸಾಮಾನ್ಯವಾಗಿ ಮೂರು ಬಗೆಯ ವಾದಗಳು ಕೇಳಿಬರುತ್ತವೆ. ನಾನು ಹೆಚ್ಚು ಹೊತ್ತು ಕಾದಿದ್ದೇನೆ ಎಂಬುದು ಮೊದಲನೆಯದು. ನಾನು ಹೆಚ್ಚು ಬಲ್ಲೆ, ನಿನ್ನ ಕೈಗೆ ಸಿಕ್ಕರೆ ಒಳ್ಳೆಯ ಅಲೆ ಹಾಳಾಗುತ್ತದೆ ಎಂಬುದು ಎರಡನೆಯದು. ನಾನು ಇಲ್ಲಿಯವನು, ನೀನು ಹೊರಗಿನವನು ಎಂಬುದು ಮೂರನೆಯದು.

ಮೊದಲನೆಯದರಲ್ಲಿ ನ್ಯಾಯವಿದೆ, ಆದರೆ ಅಲೆಗೆ ಗಡಿಯಾರ ಗೊತ್ತಿಲ್ಲ. ಎರಡನೆಯದು ನಮಗೂ ಪರಿಚಿತ. ದುಡಿಮೆಯಿಂದ ಒಡೆತನ ಹುಟ್ಟುತ್ತದೆ ಎಂದು ಇಂಗ್ಲೆಂಡಿನ ಜಾನ್ ಲಾಕ್ ಹದಿನೇಳನೆಯ ಶತಮಾನದಲ್ಲಿ ವಾದಿಸಿದ. ನಮ್ಮ ರಾಜ್ಯದಲ್ಲಿ 1974ರ ಭೂಸುಧಾರಣೆಯ ಕಾಲಕ್ಕೆ ‘ಉಳುವವನೇ ಹೊಲದೊಡೆಯ’ ಎಂಬ ಮಾತು ಮನೆಮಾತಾಯಿತು. ಆದರೆ ಹೊಲದಲ್ಲಿ ನೇಗಿಲಿನ ಗೆರೆ ಉಳಿಯುತ್ತದೆ, ಬೆಳೆ ಉಳಿಯುತ್ತದೆ. ಅಲೆಯ ಮೇಲೆ ಎಂಥ ಜಾಣ ಎಳೆದ ಗೆರೆಯೂ ಹತ್ತು ಸೆಕೆಂಡಿನಲ್ಲಿ ನೊರೆ. ಅಳಿದುಹೋಗುವ ದುಡಿಮೆಯಿಂದ ಉಳಿಯುವ ಒಡೆತನ ಹುಟ್ಟುವುದು ಹೇಗೆ?

ಮೂರನೆಯ ವಾದವೇ ನಿಜವಾಗಿ ತೊಡಕಿನದು. ‘ಇಲ್ಲಿಯವರಿಗೆ ಮಾತ್ರ’ ಎಂಬ ಬರಹ ಜಗತ್ತಿನ ಹಲವು ತೀರಗಳ ಗೋಡೆಗಳ ಮೇಲಿದೆ. ಬೈಗುಳ, ನೀರಿನಲ್ಲೇ ಹೊಡೆದಾಟ, ಹೊರಗಿನವರ ಕಾರಿನ ಚಕ್ರಕ್ಕೆ ಚಾಕು, ಇವೆಲ್ಲ ಈ ಆಟದ ಕತ್ತಲ ಮುಖ. ಇದನ್ನು ಪುಂಡಾಟಿಕೆ ಎಂದು ತಳ್ಳಿಹಾಕುವುದು ಸುಲಭ. ಆದರೆ ನ್ಯಾಯವಾಗಿ ವಾದ ಮಾಡುವವರು ಎದುರಾಳಿಯ ಮಾತನ್ನು ಅದರ ಅತ್ಯಂತ ಬಲವಾದ ರೂಪದಲ್ಲಿ ಕೇಳಬೇಕು.

ಲಾಂದ್ ಹಿಂದೆ ಜೌಗು ಬಯಲು. ಕುರಿಗಾಹಿಗಳು ಕಾಲಿಗೆ ಮರದ ಮರಗಾಲು ಕಟ್ಟಿಕೊಂಡು ಊರ ಸಾಮೂಹಿಕ ಬಯಲಿನಲ್ಲಿ ಕುರಿ ಮೇಯಿಸುತ್ತಿದ್ದರು. 1857ರಲ್ಲಿ ಮೂರನೆಯ ನೆಪೋಲಿಯನ್‌ನ ಆಡಳಿತ ಒಂದು ಕಾನೂನು ತಂದು, ಊರುಗಳು ತಮ್ಮ ಬಯಲಿನ ನೀರು ಬಸಿದು ಪೈನ್ ನೆಡಬೇಕೆಂದು ಕಡ್ಡಾಯ ಮಾಡಿತು. ಆ ಖರ್ಚು ಹೊರಲಾರದ ಊರುಗಳು ನೆಲವನ್ನು ಮಾರಿದವು. ಗೋಮಾಳ ಹೋಯಿತು, ಕುರಿಯೂ ಹೋಯಿತು, ಮರಗಾಲು ಕಟ್ಟಿದ ಕುರಿಗಾಹಿ ಚಿತ್ರಪಟದಲ್ಲಿ ಉಳಿದ. ಆಮೇಲೆ ಪಟ್ಟಣದ ಶ್ರೀಮಂತರ ಬೇಸಿಗೆ ಬಂಗಲೆಗಳು ಬಂದವು, ನೆಲದ ಬೆಲೆ ಏರಿತು. ಅಲ್ಲೇ ಹುಟ್ಟಿದ ಹುಡುಗನಿಗೆ ಅಲ್ಲಿ ಮನೆ ಮಾಡುವ ತಾಕತ್ತಿಲ್ಲ. ಅವನ ಊರಿನಲ್ಲಿ ಇನ್ನೂ ಬೇಲಿ ಬೀಳದೆ ಉಳಿದಿರುವುದು ಅಲೆಯೊಂದೇ. ಅಲ್ಲಿಗೂ ಬೇಸಿಗೆಯಲ್ಲಿ ಸಾವಿರಾರು ಜನ ಬಂದು, ಆಡಿ, ಕಸ ಬಿಟ್ಟು ಹೋದರೆ, ‘ಇದಾದರೂ ನಮ್ಮದಾಗಿರಲಿ’ ಎಂದು ಅವನ ಹೊಟ್ಟೆಯೊಳಗಿಂದ ಮಾತು ಹೊರಟರೆ ಅದರಲ್ಲಿ ನೋವಿಲ್ಲವೆನ್ನಲು ಯಾರಿಗೆ ಸಾಧ್ಯ?

ನೋವು ನಿಜ. ಆದರೆ ನೋವು ನಿಜವಾದ ಮಾತ್ರಕ್ಕೆ ಹಕ್ಕೂ ನಿಜವಾಗುವುದಿಲ್ಲ. ಬಯಲನ್ನು ಕಸಿದದ್ದು ಬೇಲಿ ಹಾಕಿದವರ ತರ್ಕ. ಅದಕ್ಕೆ ಸಿಕ್ಕಿ ನೊಂದವನು ಅದೇ ಬೇಲಿಯನ್ನು ನೀರಿನ ಮೇಲೆ ಕಟ್ಟಹೊರಟರೆ, ಸೋತದ್ದು ಯಾವ ನ್ಯಾಯ, ಗೆದ್ದದ್ದು ಯಾವುದು?

ಇನ್ನೊಂದು ಸಂಗತಿಯೂ ಇದೆ. ಆ ತೀರಕ್ಕೆ ಈ ಆಟ ಬಂದದ್ದೇ 1950ರ ದಶಕದ ಉತ್ತರಾರ್ಧದಲ್ಲಿ. ಸಿನಿಮಾ ಕೆಲಸಕ್ಕೆಂದು ಬಂದ ಅಮೆರಿಕನ್ ಚಿತ್ರಕಥೆಗಾರ ಪೀಟರ್ ವಿಯರ್ಟೆಲ್ ಪಕ್ಕದ ಬಿಯಾರಿಟ್ಸ್ ಪಟ್ಟಣಕ್ಕೆ ಹಲಗೆಯೊಂದನ್ನು ತರಿಸಿಕೊಂಡ. ಊರ ಯುವಕರು ಅದನ್ನು ನೋಡಿ ಕಲಿತರು. ಅಮೆರಿಕನ್ನರಿಗೆ ಅದನ್ನು ಕಲಿಸಿದವರು ಹವಾಯಿ ದ್ವೀಪದ ಮೂಲ ಜನ. 1893ರಲ್ಲಿ ಅವರ ರಾಣಿಯನ್ನು ಸಿಂಹಾಸನದಿಂದ ಇಳಿಸಲಾಯಿತು, 1898ರಲ್ಲಿ ದ್ವೀಪಗಳೇ ಅಮೆರಿಕದ ವಶವಾದವು. ‘ಇದು ನಮ್ಮದು’ ಎನ್ನುವ ಹಕ್ಕು ಯಾರಿಗಾದರೂ ಇದ್ದಿದ್ದರೆ ಅವರಿಗಿತ್ತು. ಅತಿಥಿಯಾಗಿ ಬಂದ ಆಟದ ಹೆಸರಿನಲ್ಲಿ ಅತಿಥಿಯನ್ನು ಓಡಿಸುವುದು ವಿಚಿತ್ರ.

ಕಾನೂನು ಏನೆನ್ನುತ್ತದೆ? ಗಾಳಿ, ಹರಿಯುವ ನೀರು, ಸಮುದ್ರ ಮತ್ತು ಅದರ ದಡ ಎಲ್ಲರಿಗೂ ಸಮಾನವೆಂದು 533ರಲ್ಲಿ ರೋಮನ್ ಚಕ್ರವರ್ತಿ ಜಸ್ಟಿನಿಯನ್ ಹೊರಡಿಸಿದ ನ್ಯಾಯಪಠ್ಯ ಹೇಳಿತು. ಫ್ರಾನ್ಸಿನಲ್ಲಿ 1681ರ ನೌಕಾ ಶಾಸನ ಸಮುದ್ರ ತೀರದ ಎಲ್ಲೆಯನ್ನು ಗುರುತಿಸಿತು. 1986ರ ಕರಾವಳಿ ಕಾಯ್ದೆ ಕಡಲ ದಡವಿರುವುದೇ ಸಾರ್ವಜನಿಕರ ಮುಕ್ತ, ಉಚಿತ ಬಳಕೆಗೆ ಎಂದಿತು. 1609ರಲ್ಲಿ ಡಚ್ ನ್ಯಾಯಜ್ಞ ಗ್ರೋಷಿಯಸ್ ‘ಸಮುದ್ರ ಮುಕ್ತ’ ಎಂದು ವಾದಿಸಿದ್ದು ನಮ್ಮ ಕಡೆಯ ಸಮುದ್ರದ ಕಾರಣಕ್ಕಾಗಿಯೇ. ಅರಬ್ಬಿ ಸಮುದ್ರದಲ್ಲಿ ಓಡುವ ಹಡಗುಗಳೆಲ್ಲ ತಮ್ಮಿಂದ ‘ಕಾರ್ತಾಜ್’ ಎಂಬ ರಹದಾರಿ ಪಡೆಯಬೇಕೆಂದು ಪೋರ್ಚುಗೀಸರು ಹಟ ಹಿಡಿದಿದ್ದರು. ಅರಬ್ಬರು, ಮಾಪಿಳ್ಳೆಗಳು, ಕರಾವಳಿಯ ವ್ಯಾಪಾರಿಗಳು ತಲೆಮಾರುಗಳಿಂದ ಓಡಾಡಿದ ನೀರಿಗೆ ಸುಂಕ ತೆರಬೇಕಾಯಿತು; ಉಳ್ಳಾಲದ ಅಬ್ಬಕ್ಕ ರಾಣಿ ಅವರೊಡನೆ ಕಾದಾಡಿದಳು. ಸಮುದ್ರಕ್ಕೆ ಮಾಲೀಕರು ಹುಟ್ಟಿಕೊಂಡರೆ ಏನಾಗುತ್ತದೆಂದು ನಮ್ಮ ತೀರಕ್ಕೆ ಚೆನ್ನಾಗಿ ಗೊತ್ತು. ಗ್ರೋಷಿಯಸ್ ಮಹಾಶಯ ಮುಕ್ತ ಸಮುದ್ರದ ವಾದ ಹೂಡಿದ್ದು ಡಚ್ ಕಂಪನಿಯ ವ್ಯಾಪಾರಕ್ಕಾಗಿ ಎಂಬುದನ್ನೂ ಮರೆಯಬಾರದು.

ಆದರೆ ಕಾನೂನು ಸಮುದ್ರವನ್ನು ಎಲ್ಲರಿಗೂ ಕೊಟ್ಟು ಸುಮ್ಮನಾಗುತ್ತದೆ. ಮುಂದಿನ ಅಲೆ ಯಾರಿಗೆ ಎಂದು ಹೇಳುವುದಿಲ್ಲ. ಅದನ್ನು ಹೇಳಲು ಈಗ ಮಾರುಕಟ್ಟೆ ಮುಂದೆ ಬಂದಿದೆ. ಅಮೆರಿಕದ ಹೆಸರಾಂತ ಸರ್ಫರ್ ಕೆಲ್ಲಿ ಸ್ಲೇಟರ್ 2015ರಲ್ಲಿ ಕ್ಯಾಲಿಫೋರ್ನಿಯಾದ ಒಳನಾಡಿನಲ್ಲಿ, ಸಮುದ್ರದಿಂದ ಬಹು ದೂರದಲ್ಲಿ, ಯಂತ್ರದಿಂದ ಅಲೆಯೆಬ್ಬಿಸುವ ಕೊಳವನ್ನು ಲೋಕಕ್ಕೆ ತೋರಿಸಿದ. ಅಲ್ಲಿ ಒಂದು ಅಲೆಯಂತೆಯೇ ಇನ್ನೊಂದು. ಹಣ ಕೊಟ್ಟವನಿಗೆ ಸರದಿ ಖಾತ್ರಿ. ಜಗಳವಿಲ್ಲ, ಏಕೆಂದರೆ ಹಂಚುವ ಪ್ರಶ್ನೆಯೇ ಇಲ್ಲ. ಇನ್ನೊಬ್ಬರಿಗೆ ದಾರಿ ಬಿಡುವ ಅವಕಾಶವೂ ಇಲ್ಲ. ಬೆಲೆ ಎಲ್ಲವನ್ನೂ ತೀರ್ಮಾನಿಸಿದ ಜಾಗದಲ್ಲಿ ನಾವು ಅನ್ಯಾಯಗಾರರಾಗುವುದಿಲ್ಲ, ನಿಜ. ಒಳ್ಳೆಯವರಾಗುವ ಸಂದರ್ಭವೂ ಕೈತಪ್ಪುತ್ತದೆ.

ಹಾಗಾದರೆ ಸ್ಥಳೀಯನಿಗೆ ಯಾವ ಹಕ್ಕೂ ಇಲ್ಲವೇ? ಇದೆ ಎಂದೇ ನನ್ನ ಭಾವನೆ, ಆದರೆ ಅದು ಬೇರೆ ಬಗೆಯದು. ಅದನ್ನು ವಿವರಿಸಲು ಆ ತೀರದ ಒಂದು ಅಪಾಯದ ಬಗ್ಗೆ ಹೇಳಬೇಕು.

ಲಾಂದ್ ತೀರದಲ್ಲಿ ಮರಳ ದಿಣ್ಣೆಗೂ ದಡಕ್ಕೂ ನಡುವೆ ಕೊಳಗಳು ಉಂಟಾಗುತ್ತವೆ. ಅಲ್ಲಿನವರು ಅದನ್ನು ‘ಬಾಯಿನ್’ ಎನ್ನುತ್ತಾರೆ. ನೋಡಲು ಶಾಂತ, ಅಲೆಯಿಲ್ಲ. ಮಕ್ಕಳನ್ನು ಇಳಿಸಲು ಹೇಳಿ ಮಾಡಿಸಿದ ಜಾಗವೆಂದು ಹೊರಗಿನವರಿಗೆ ತೋರುತ್ತದೆ. ಆದರೆ ದಿಣ್ಣೆಯ ಸಂದಿನಿಂದ ಆ ನೀರು, ಅದರಲ್ಲೂ ಇಳಿತದ ಹೊತ್ತಿನಲ್ಲಿ, ರಭಸದಿಂದ ಸಮುದ್ರಕ್ಕೆ ಮರಳುತ್ತದೆ, ಇಳಿದವರನ್ನೂ ಎಳೆದೊಯ್ಯುತ್ತದೆ. ದಡದತ್ತ ನೇರವಾಗಿ ಈಜಲು ಹೆಣಗಿದವರು ಸುಸ್ತಾಗಿ ಮುಳುಗುತ್ತಾರೆ. ಸೆಳೆತದೊಡನೆ ಸೆಣಸದೆ ತೇಲುತ್ತಾ, ಕೈಯೆತ್ತಿ ಸಹಾಯ ಕೇಳಬೇಕು ಎಂಬುದು ಅಲ್ಲಿನ ಕಾವಲುಗಾರರ ಪಾಠ. ವಿಚಿತ್ರವೆಂದರೆ ಬಲ್ಲ ಸರ್ಫರ್‌ಗಳು ಹೆಚ್ಚು ಕೈ ಬೀಸದೆ ಒಳಸಮುದ್ರಕ್ಕೆ ಹೋಗುವುದು ಇದೇ ಸೆಳೆತದ ಮೇಲೆ. ಅರಿಯದವನಿಗೆ ಮೃತ್ಯುವಾದದ್ದೇ ಅರಿತವನಿಗೆ ಸವಾರಿ. ನಡುವಿನ ವ್ಯತ್ಯಾಸ ತೋಳ್ಬಲದ್ದಲ್ಲ, ತಿಳಿವಳಿಕೆಯದು. ಆ ತಿಳಿವಳಿಕೆ ಇರುವುದು ಸ್ಥಳೀಯನ ಬಳಿ.

ಕನ್ನಡದ ‘ಹಕ್ಕು’ ಅರಬಿಯಿಂದ ಬಂದ ಪದ. ಕನ್ನಡದಲ್ಲಿ ನಾವು ಹಕ್ಕನ್ನು ‘ಚಲಾಯಿಸುತ್ತೇವೆ’, ‘ಸಾಧಿಸುತ್ತೇವೆ’. ಉರ್ದುವಿನಲ್ಲಿ ಅದೇ ಪದಕ್ಕೆ ಇನ್ನೊಂದು ಬಳಕೆಯಿದೆ: ‘ಹಕ್ ಅದಾ ಕರ್‌ನಾ’. ಹಕ್ಕನ್ನು ಸಲ್ಲಿಸುವುದು, ತೀರಿಸುವುದು. ನೆರೆಯವನ ಹಕ್ಕು, ಅತಿಥಿಯ ಹಕ್ಕು, ಉಪ್ಪಿನ ಹಕ್ಕು, ಇವೆಲ್ಲ ನಾವು ಪಡೆಯಬೇಕಾದವಲ್ಲ, ನಮ್ಮಿಂದ ಸಲ್ಲಬೇಕಾದವು. ಊರಿನವನೆಂಬ ಹಕ್ಕು ನನಗೆ ಈ ಅರ್ಥದಲ್ಲಿ ಮಾತ್ರ ಒಪ್ಪಿತ. ಈ ಮರಳು, ಈ ಸೆಳೆತ, ಈ ಉಬ್ಬರ ನನಗೆ ಗೊತ್ತು. ಆದ್ದರಿಂದ ಗೊತ್ತಿಲ್ಲದವರಿಗೆ ಹೇಳುವುದು, ಮುಳುಗುವವರತ್ತ ಹಲಗೆ ಚಾಚುವುದು, ಯಾರ ಸರದಿ ಯಾರು ಕಸಿಯುತ್ತಿದ್ದಾರೆಂದು ಎಚ್ಚರಿಸುವುದು ನನ್ನ ಪಾಲಿನ ಕೆಲಸ. ಹಾಗೆ ಮಾಡುವವನ ಮಾತಿಗೆ ಹೊರಗಿನವರು ತಾವಾಗಿಯೇ ಬೆಲೆ ಕೊಡುತ್ತಾರೆ. ಅದನ್ನು ಗೋಡೆಯ ಮೇಲೆ ಬರೆಯಬೇಕಾದ ಅಗತ್ಯವಿಲ್ಲ. ಹೊರಗಿನವನಿಂದಲೂ ಸಲ್ಲಬೇಕಾದ ಹಕ್ಕಿದೆ: ಮೊದಲು ದಡದಲ್ಲಿ ಕೂತು ನೋಡುವುದು, ಕೇಳಿ ತಿಳಿಯುವುದು, ಬಂದ ಕೂಡಲೇ ನಟ್ಟನಡುವೆ ನುಗ್ಗದಿರುವುದು.

ಇನ್ನು ಮರಳಿನ ಮಾತು. ಅದೂರ್ ಎಂಬ ನದಿ ಮಧ್ಯಯುಗದಲ್ಲಿ ಕಾಪ್‌ಬ್ರೆಟೊನ್ ಬಳಿ ಸಮುದ್ರ ಸೇರುತ್ತಿತ್ತು. ಮರಳು ಬಾಯಿ ಕಟ್ಟಿದಾಗ ಉತ್ತರಕ್ಕೆ ಹೊರಳಿತು. 1578ರಲ್ಲಿ ಎಂಜಿನಿಯರನೊಬ್ಬ ಅದನ್ನು ದಕ್ಷಿಣದ ಬಯೋನ್ ಕಡೆ ತಿರುಗಿಸಿದ. ಓಸ್ಗೊರ್‌ನ ಸರೋವರ ಆ ನದಿ ಬಿಟ್ಟುಹೋದ ಹಳೆಯ ಪಾತ್ರ. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಹೊರಗಿನವರು ಬರಬಾರದೆಂದು ಇದೇ ತೀರದ ಮರಳಗುಡ್ಡಗಳ ಮೇಲೆ ಕಾಂಕ್ರೀಟ್ ಕೋಟೆಗಳನ್ನು ಕಟ್ಟಿತು. ಗುಡ್ಡಗಳು ಹಿಂದೆ ಸರಿದವು. ಕಾಪ್‌ಬ್ರೆಟೊನ್‌ನಲ್ಲಿ ಆ ಕೋಟೆಗಳು ಇಂದು ವಾಲಿಕೊಂಡು, ನೀರಿಗೆ ಮೈಯೊಡ್ಡಿ ಬಿದ್ದಿವೆ, ಮೈತುಂಬ ಹುಡುಗರು ಬಳಿದ ಬಣ್ಣ. ಉತ್ತರಕ್ಕೆ ಸುಲಾಕ್ ಎಂಬಲ್ಲಿ 1960ರ ದಶಕದ ಕೊನೆಗೆ ಸಮುದ್ರದಿಂದ ಸುಮಾರು 200 ಮೀಟರ್ ದೂರದಲ್ಲಿ ಕಟ್ಟಿದ ವಸತಿ ಸಮುಚ್ಚಯವನ್ನು, ಕಡಲು ಹೊಸ್ತಿಲಿಗೆ ಬಂದದ್ದರಿಂದ 2014ರಲ್ಲಿ ಖಾಲಿ ಮಾಡಿಸಿ 2023ರಲ್ಲಿ ಕೆಡವಬೇಕಾಯಿತು. ಅಲ್ಲಿದ್ದವರ ಬಳಿ ಪಕ್ಕಾ ಕಾಗದಪತ್ರಗಳಿದ್ದವು.

ನಮ್ಮ ಮೂಲ್ಕಿಯ ಮಂತ್ರ ಸರ್ಫ್ ಕ್ಲಬ್ 2004ರಿಂದ ಈ ಆಟವನ್ನು ಕಲಿಸುತ್ತಿದೆ. ಪಕ್ಕದ ಸಸಿಹಿತ್ಲುವಿನಲ್ಲಿ, ನಂದಿನಿ ಮತ್ತು ಶಾಂಭವಿ ನದಿಗಳು ಕಡಲು ಸೇರುವ ಮರಳ ದಂಡೆಯಲ್ಲಿ, ರಾಷ್ಟ್ರಮಟ್ಟದ ಸ್ಪರ್ಧೆಗಳು ನಡೆದಿವೆ. ಅಲ್ಲಿಯೂ ಜನ ಹೆಚ್ಚುತ್ತಾರೆ, ಅಲ್ಲಿಯೂ ‘ನಮ್ಮದು’, ‘ನಿಮ್ಮದು’ ಎಂಬ ಮಾತು ಇಂದಲ್ಲ ನಾಳೆ ಬಂದೇ ಬರುತ್ತದೆ. ಅದೇ ಕರಾವಳಿಯಲ್ಲಿ ರಂಪಣಿ ಬಲೆಯನ್ನು ಹತ್ತಾರು ಜನ ಕೂಡಿ ದಡಕ್ಕೆಳೆದು, ಸಿಕ್ಕ ಮೀನನ್ನು ಪಾಲು ಹಾಕಿಕೊಳ್ಳುವ ಪದ್ಧತಿಯೂ ಇತ್ತು. ಎಪ್ಪತ್ತರ ದಶಕದಲ್ಲಿ ಯಾಂತ್ರಿಕ ದೋಣಿಗಳ ದೊಡ್ಡ ಬಲೆಗಳು ಬಂದ ಮೇಲೆ ಅದು ಕ್ಷೀಣಿಸಿತು. ಬೇಲಿಯ ಪಾಠ, ಪಾಲಿನ ಪಾಠ ಎರಡೂ ನಮ್ಮಲ್ಲಿವೆ. ಯಾವುದನ್ನು ನೆನಪಿಟ್ಟುಕೊಳ್ಳುತ್ತೇವೆ ಎಂಬುದು ನಮಗೇ ಬಿಟ್ಟದ್ದು.

ಮರಳಿನ ಮೇಲಿನ ಅಲೆ ಯಾರ ಸ್ವತ್ತೂ ಅಲ್ಲ. ಅದು ಒಬ್ಬರ ಸರದಿ ಮಾತ್ರ. ಸರದಿಯ ಗುಣವೇ ಹಾಗೆ. ಅದು ಬರಬೇಕಾದರೆ ಇನ್ನೊಬ್ಬರು ಬಿಟ್ಟುಕೊಟ್ಟಿರಬೇಕು, ಮುಗಿದ ಮೇಲೆ ನಾವೂ ಬಿಟ್ಟುಕೊಡಬೇಕು.