ಯಾರ ನಾಲ್ಕು ಗಂಟೆ?

ಚೀನಾದ ಪಶ್ಚಿಮ ತುದಿಯ ಕಾಶ್ಗರ್‌ನಲ್ಲಿ ಡಿಸೆಂಬರಿನ ನಡುವೆ ಬೆಳಗ್ಗೆ ಹತ್ತು ಹೊಡೆದರೂ ಸೂರ್ಯ ಹುಟ್ಟಿರುವುದಿಲ್ಲ. ಅವನು ನಡುಹಗಲಿನ ಎತ್ತರಕ್ಕೆ ಏರುವ ಹೊತ್ತಿಗೆ ಮೂರು ಗಂಟೆ ಸಮೀಪಿಸಿರುತ್ತದೆ. ಸೂರ್ಯನದೇನೂ ತಪ್ಪಿಲ್ಲ, ಗಡಿಯಾರ ಬೀಜಿಂಗಿನದು.

ಒಂದು ಕಾಲಕ್ಕೆ ಐದು ಕಾಲವಲಯಗಳಿದ್ದ ದೇಶ ಅದು. 1949ರಲ್ಲಿ ಬಂದ ಹೊಸ ಆಡಳಿತ ಎಲ್ಲರಿಗೂ 120 ಡಿಗ್ರಿ ಪೂರ್ವ ರೇಖಾಂಶದ ಹೊತ್ತನ್ನೇ ಗೊತ್ತುಮಾಡಿತು. ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ, 76 ಡಿಗ್ರಿಯಲ್ಲಿರುವ ಕಾಶ್ಗರ್‌ನ ಸೂರ್ಯ ಸುಮಾರು ಮೂರು ಗಂಟೆ ಹಿಂದೆ. ಅದಕ್ಕೇ ಆ ಸೀಮೆಯ ಅನೇಕ ಉಯ್ಗುರರು ಎರಡು ಗಂಟೆ ಹಿಂದಿನ ತಮ್ಮದೇ ಸಮಯದಲ್ಲಿ ಬದುಕುತ್ತಾರೆ. ಹಾನ್ ಚೀನೀಯರು ಬೀಜಿಂಗ್ ಸಮಯ ಹಿಡಿಯುತ್ತಾರೆ. ನಾಲ್ಕಕ್ಕೆ ಬಾ ಎಂದರೆ ಯಾರ ನಾಲ್ಕು ಎಂದು ಕೇಳಿಕೊಳ್ಳಬೇಕು.

ಜಗತ್ತಿನ ಎಷ್ಟೋ ಫೋನು, ಕಂಪ್ಯೂಟರುಗಳು ನೆಚ್ಚಿಕೊಂಡಿರುವ ಕಾಲವಲಯಗಳ ಕಡತವೊಂದಿದೆ. ಸ್ವಯಂಸೇವಕರು ನೋಡಿಕೊಳ್ಳುವ ಆ ಕಡತದಲ್ಲಿ ಇವತ್ತಿಗೂ ಚೀನಾಕ್ಕೆ ಎರಡು ಸಾಲು: ಬೀಜಿಂಗ್ ಸಮಯಕ್ಕೆ ಶಾಂಘೈ, ಉಯ್ಗುರರ ಆ ಸಮಯಕ್ಕೆ ಉರುಂಚಿ. 2014ರವರೆಗೆ ಹಾರ್ಬಿನ್, ಚೊಂಗ್‌ಚಿಂಗ್, ಕಾಶ್ಗರ್‌ಗಳಿಗೂ ಬೇರೆ ಬೇರೆ ಸಾಲುಗಳಿದ್ದವು. ಒಂದೇ ಸಮಯದ ದೇಶಕ್ಕೆ ಎರಡು ಸಾಲೆಂದರೆ ಕಾನೂನು ಓದಿದವರಿಗೆ ಅದು ಶುದ್ಧ ತಪ್ಪು. ಉರುಂಚಿ ಎಂದು ಆರಿಸಿಕೊಂಡು ರೈಲಿಗೆ ಹೊರಟವನಿಗಂತೂ ದುಬಾರಿ ತಪ್ಪು. ರೈಲು ಓಡುವುದು ಬೀಜಿಂಗ್ ಸಮಯಕ್ಕೆ.

ನನಗೆ ಸೋಜಿಗ ಹುಟ್ಟಿಸುವುದು ಆ ತಪ್ಪೇ. ಸರ್ಕಾರ ಹೇಳಿದ್ದನ್ನಷ್ಟೇ ಬರೆದುಕೊಂಡಿದ್ದರೆ ಕಡತ ಅಚ್ಚುಕಟ್ಟಾಗಿರುತ್ತಿತ್ತು. ಆದರೆ ಜನ ಮುಳ್ಳನ್ನು ಎಲ್ಲಿ ಇಟ್ಟುಕೊಂಡಿದ್ದಾರೆ ಎಂದೂ ಅದು ವಿಚಾರಿಸಿತು. ಎಂದೂ ಕಾಣದ ಊರಿನವರ ಬೆಳಗು ನಮ್ಮ ಜೇಬಿನ ಫೋನಿನೊಳಗೆ ಒಂದು ಸಾಲಾಗಿ ಕೂತಿದೆ!

ನಮಗೆ ಇರುವುದು ಕೋಲ್ಕತ್ತದ ಹೆಸರಿನ ಒಂದೇ ಸಾಲು. ಅಸ್ಸಾಮಿನ ಚಹಾ ತೋಟಗಳು ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು ದುಡಿದ ‘ಬಾಗಾನ್ ಸಮಯ’ಕ್ಕೆ ಅಲ್ಲಿ ಜಾಗವಿಲ್ಲ. ಬೇಗ ಕತ್ತಲಾಗುವ ನಾಡಿನಲ್ಲಿ ಬೆಳಕಿದ್ದಾಗಲೇ ಎಲೆ ಕಿತ್ತು ಮುಗಿಸಲು ಕಂಡುಕೊಂಡ ಉಪಾಯವದು. ಮಂಗಳೂರಿನ ಸೂರ್ಯನೂ ಭಾರತೀಯ ಸಮಯಕ್ಕಿಂತ ಅರ್ಧ ಗಂಟೆ ತಡ. ಅದಕ್ಕೂ ಸಾಲಿಲ್ಲ, ಪಂಚಾಂಗದ ಸೂರ್ಯೋದಯದ ಲೆಕ್ಕವಷ್ಟೇ ಇದೆ. ಭಾರತದ ದತ್ತಾಂಶದಲ್ಲಿ ತಪ್ಪು ಹುಡುಕಿದರೂ ಸಿಗದು. ಚಹಾ ತೋಟದವರನ್ನು ಯಾರೂ ಕೇಳಲಿಲ್ಲವೆಂಬುದೂ ಅದಕ್ಕೊಂದು ಕಾರಣವಿರಬಹುದು.