ಕಂಡದ್ದನ್ನೆಲ್ಲ ಹೇಳಬೇಕೇ?



ಕಣ್ಣಾರೆ ಕಂಡ ಸತ್ಯವನ್ನು ಮರೆಮಾಚದೆ ಹೇಳಬೇಕೆಂದು ನಾವೆಲ್ಲ ಬಾಲ್ಯದಿಂದಲೇ ಕಲಿತಿದ್ದೇವೆ. ಆದರೆ ಕಂಡದ್ದನ್ನು ಯಾವಾಗಲೂ, ಯಾರು ಕೇಳಿದರೂ, ಸಂಪೂರ್ಣವಾಗಿ ಹೇಳಲೇಬೇಕೇ? ನೀತಿಶಾಸ್ತ್ರದ ಈ ಹಳೆಯ ಪ್ರಶ್ನೆ ಇಂದು ನಾವು ನಿರೀಕ್ಷಿಸದ ಕಡೆಯಲ್ಲಿ ಎದುರಾಗುತ್ತಿದೆ. ಹಕ್ಕಿ, ಚಿಟ್ಟೆ, ಗಿಡಮರ, ಪ್ರಾಣಿಗಳನ್ನು ಗಮನಿಸಿ, ದಿನ ಮತ್ತು ಸ್ಥಳ ಸಹಿತ ಬರೆದಿಟ್ಟು, ಅದನ್ನು ಇತರರೊಂದಿಗೆ ಹಂಚಿಕೊಳ್ಳುವ ಹವ್ಯಾಸಿ ನಿಸರ್ಗ ವೀಕ್ಷಕರ ಮುಂದೆ ಅದು ದಿನನಿತ್ಯವೂ ನಿಲ್ಲುತ್ತದೆ. ಈ ಹವ್ಯಾಸ ನಮ್ಮ ಯುವಜನರಲ್ಲಿಯೂ ಹಬ್ಬುತ್ತಿರುವುದರಿಂದ ಕುಟುಂಬಗಳಲ್ಲಿ ಈ ಕುರಿತು ಚಿಂತನೆ ನಡೆಯುವುದು ಒಳಿತು.

ವನ್ಯಜೀವಿ ಎಂದೊಡನೆ ನಮಗೆ ನೆನಪಾಗುವುದು ಬಂಡೀಪುರ, ನಾಗರಹೊಳೆ, ದಾಂಡೇಲಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹೆಸರು ಆ ಸಾಲಿನಲ್ಲಿ ಬರುವುದಿಲ್ಲ. ವಿಜಯಪುರವು ರಾಜ್ಯದಲ್ಲಿ ಅತಿ ಕಡಿಮೆ ಅರಣ್ಯವಿರುವ ಜಿಲ್ಲೆಗಳಲ್ಲೊಂದು. ಆದರೆ ಕಾಡಿಲ್ಲದ ಕಡೆ ಜೀವವಿಲ್ಲವೆಂದು ತಿಳಿಯಬಾರದು. ಉತ್ತರದ ಅಂಚಿನಲ್ಲಿ ಭೀಮೆ, ದಕ್ಷಿಣದಲ್ಲಿ ಕೃಷ್ಣೆ, ನಡುವೆ ಜೋಳದ ಹೊಲಗಳ ಮಧ್ಯೆ ಹರಿಯುವ ಡೋಣಿ. ಆಲಮಟ್ಟಿ ಜಲಾಶಯದ ಹಿನ್ನೀರು ಇಳಿದಾಗ ಕೆಸರಿನ ದಂಡೆಗಳಿಗೆ ರಾಜಹಂಸಗಳು ಬರುತ್ತವೆ. ಹಿಮಾಲಯವನ್ನೇ ದಾಟುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲದಲ್ಲಿ ಉತ್ತರ ಕರ್ನಾಟಕದ ಕೆರೆಗಳಲ್ಲಿ ಇಳಿಯುತ್ತವೆ. ಮಂಗೋಲಿಯಾದಲ್ಲಿ ಕೊರಳಿಗೆ ಗುರುತಿನ ಪಟ್ಟಿ ತೊಡಿಸಿದ ಹೆಬ್ಬಾತುಗಳು ನಮ್ಮ ರಾಜ್ಯದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ಇಂಡಿಯ ನಿಂಬೆ ತೋಟದ ಎಲೆಯನ್ನು ತಿನ್ನುವ ಹುಳುವೇ ಕೆಲವು ದಿನಗಳ ಬಳಿಕ ನಿಂಬೆ ಚಿಟ್ಟೆಯಾಗಿ ಹಾರುತ್ತದೆ. ಮಡ್ಡಿ ಹಾಗೂ ಗಾಯರಾಣಗಳ ಒಣ ಹುಲ್ಲು ತೋಳ, ನರಿ, ಚಿಗರಿಗಳಂತಹ ಬಯಲು ಪ್ರಾಣಿಗಳಿಗೆ ಆಶ್ರಯ ನೀಡುವಂಥದ್ದು.

ಇಂತಹ ಹುಲ್ಲುಗಾವಲುಗಳನ್ನು ಸರ್ಕಾರಿ ಕಡತಗಳು ಬಹುಕಾಲದಿಂದ ಬಂಜರು ಭೂಮಿಯೆಂದೇ ಕರೆಯುತ್ತ ಬಂದಿವೆ. ಬಂಜರೆಂದು ಬರೆಸಿಕೊಂಡ ನೆಲವನ್ನು ಅಗೆಯಲು, ಬೇಲಿ ಹಾಕಲು, ಬೇರೆ ಕೆಲಸಕ್ಕೆ ಕೊಡಲು ಯಾರ ಮನಸ್ಸೂ ಅಳುಕುವುದಿಲ್ಲ. ಸಾಕ್ಷಿಯಿಲ್ಲದವನ ಪರವಾಗಿ ನ್ಯಾಯಾಲಯದಲ್ಲಿ ತೀರ್ಪು ಬರುವುದು ಕಷ್ಟ. ಆ ನೆಲದ ಜೀವಿಗಳ ಸ್ಥಿತಿಯೂ ಅದೇ. ಕೃಷ್ಣೆಯ ಆಚೆ ದಡದಲ್ಲಿ, ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳ ಯಡಹಳ್ಳಿ ಪ್ರದೇಶವು 2016ರಲ್ಲಿ ಚಿಂಕಾರ ವನ್ಯಜೀವಿಧಾಮವಾಯಿತು. ಅಲ್ಲಿ ಚಿಂಕಾರವನ್ನು ಕಂಡವರೆಲ್ಲ ಕಂಡು ಸುಮ್ಮನಿದ್ದಿದ್ದರೆ ಆ ಕುರುಚಲು ಕಾಡಿಗೆ ಆ ರಕ್ಷಣೆ ಎಲ್ಲಿಂದ ಬರುತ್ತಿತ್ತು? ಆದುದರಿಂದ ನೋಡಿದ್ದನ್ನು ಬರೆದಿಡುವುದು ಬರಿಯ ಕಾಲಹರಣವಲ್ಲ. ಅದು ಮಾತು ಬಾರದ ಜೀವಿಯ ಪರವಾಗಿ ನುಡಿಯುವ ಸಾಕ್ಷಿ.

ಸಾಕ್ಷಿಯ ಮೊದಲ ಧರ್ಮ ಪ್ರಾಮಾಣಿಕತೆ

ಸಾಕ್ಷಿ ಹೇಳುವವನಿಗೆ ಕಟ್ಟುಪಾಡುಗಳುಂಟು. ಸುಳ್ಳುಸಾಕ್ಷಿಯನ್ನು ನಿಷೇಧಿಸುವ ಎಂಟನೆಯ ಕಟ್ಟಳೆಯನ್ನು ನಾವು ನೆರೆಯವನಿಗೆ ಮಾತ್ರ ಅನ್ವಯಿಸಿಕೊಳ್ಳುತ್ತೇವೆ. ಹಕ್ಕಿಯ ವಿಷಯದಲ್ಲಿಯೂ ಅದು ಸಲ್ಲುತ್ತದೆ. ದೂರದಲ್ಲಿ ಹಾರಿದ್ದು ಯಾವ ಹದ್ದೆಂದು ತಿಳಿಯದಿದ್ದರೆ 'ಹದ್ದು' ಎಂದಷ್ಟೇ ಬರೆಯಬೇಕು. ಅಪರೂಪದ ಹೆಸರು ಬರೆದರೆ ಮೆಚ್ಚುಗೆ ಸಿಗುತ್ತದೆಂಬ ಆಸೆಯನ್ನು ಅದುಮಬೇಕು. ಎರಡು ಗಂಟೆ ಅಲೆದರೂ ಕಾಣದ ಹಕ್ಕಿ ಕಾಣಲಿಲ್ಲವೆಂಬುದೂ ದಾಖಲೆಯೇ.

ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿದ್ದ ಯೇಸುಸಭೆಯ ಗುರು ಸಿಸಿಲ್ ಸಲ್ಡಾನ್ಹಾ ಸ್ವಾಮಿಗಳನ್ನು ಇಲ್ಲಿ ಸ್ಮರಿಸಬೇಕು. ಡ್ಯಾನ್ ನಿಕೋಲ್ಸನ್ ಅವರೊಂದಿಗೆ 1976ರಲ್ಲಿ ಅವರು ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥವನ್ನು ಹೊರತಂದರು. ಕರ್ನಾಟಕದ ಸಸ್ಯಗಳ ಕುರಿತ ಗ್ರಂಥದ ಎರಡು ಸಂಪುಟಗಳು 1984 ಮತ್ತು 1996ರಲ್ಲಿ ಬಂದವು. ಸಸ್ಯಶಾಸ್ತ್ರದ ಈ ಪರಂಪರೆಯಲ್ಲಿ ಒಂದು ಒಣಗಿಸಿದ ರೆಂಬೆಯೂ ಎಲ್ಲಿ, ಯಾವಾಗ, ಯಾರಿಗೆ ದೊರೆಯಿತೆಂಬ ಚೀಟಿಯಿಲ್ಲದೆ ಲೆಕ್ಕಕ್ಕೆ ಬರುವುದಿಲ್ಲ. ಚೀಟಿಯಿಲ್ಲದ ರೆಂಬೆ ಕೇವಲ ಕಸ.

ಇಂತಹ ಸಣ್ಣ ಸಣ್ಣ ಪ್ರಾಮಾಣಿಕತೆಗಳು ಕೂಡಿದಾಗ ಏನಾಗುತ್ತದೆಂಬುದಕ್ಕೆ 2023ರಲ್ಲಿ ಪ್ರಕಟವಾದ ಭಾರತದ ಪಕ್ಷಿಗಳ ಸ್ಥಿತಿಗತಿಯ ವರದಿಯೇ ನಿದರ್ಶನ. ಸುಮಾರು 30,000 ಪಕ್ಷಿವೀಕ್ಷಕರು ಇ-ಬರ್ಡ್ ಎಂಬ ಜಾಲತಾಣಕ್ಕೆ ಸಲ್ಲಿಸಿದ ಸುಮಾರು 3 ಕೋಟಿ ದಾಖಲೆಗಳನ್ನು ಅದು ಆಧರಿಸಿದೆ. ದೀರ್ಘಕಾಲದ ಏರಿಳಿತವನ್ನು ಲೆಕ್ಕಹಾಕಲು ಸಾಧ್ಯವಾದ 338 ಪ್ರಭೇದಗಳಲ್ಲಿ ಶೇಕಡಾ 60ರಷ್ಟು ಇಳಿಮುಖವಾಗಿವೆ. ಕರ್ನಾಟಕದ ರಾಜ್ಯಪಕ್ಷಿಯಾದ ನೀಲಕಂಠದ ಸ್ಥಿತಿಯನ್ನು ಮರುಪರಿಶೀಲಿಸಬೇಕೆಂದು ಆ ವರದಿ ಸೂಚಿಸಿತು. ರಸ್ತೆಬದಿಯ ತಂತಿಯ ಮೇಲೆ ಕೂರುವ, ಎಲ್ಲರೂ ಬಲ್ಲ ಹಕ್ಕಿಯದು! ಇನ್ನೊಂದೆಡೆ, ಗುಬ್ಬಿ ದೇಶದಿಂದಲೇ ಅಳಿಯುತ್ತಿದೆಯೆಂಬ ನಮ್ಮ ನಂಬಿಕೆಯನ್ನು ದಾಖಲೆಗಳು ಸಮರ್ಥಿಸಲಿಲ್ಲ. ಕೆಲವು ಮಹಾನಗರಗಳಲ್ಲಿ ಅದು ಕಡಿಮೆಯಾಗಿದ್ದರೂ ದೇಶದಲ್ಲಿ ಒಟ್ಟಾರೆ ಸ್ಥಿರವಾಗಿದೆ. ನಮ್ಮ ಅಳಲು ಒಂದು ಕಡೆ, ಅಪಾಯ ಇನ್ನೊಂದು ಕಡೆ ಇರಬಹುದೆಂಬ ಪಾಠ ಇದರಲ್ಲಿದೆ.

ಮೊದಲು ಕಂಡವರು ಯಾರು?

ಆದಿಕಾಂಡದಲ್ಲಿ ಪ್ರಾಣಿಪಕ್ಷಿಗಳಿಗೆ ಹೆಸರಿಡುವ ಕೆಲಸ ಮನುಷ್ಯನ ಪಾಲಿಗೆ ಬರುತ್ತದೆ. ಹೆಸರಿಡಬೇಕಾದರೆ ಮೊದಲು ನೋಡಬೇಕು. ಹಾಗೆ ನೋಡಿದವರು ನಮ್ಮ ಹಳ್ಳಿಗಳಲ್ಲಿ ಹಿಂದಿನಿಂದಲೂ ಇದ್ದಾರೆ. ಒಂದು ಕಾಲದಲ್ಲಿ ದಖ್ಖನ್ನಿನ ಬಯಲಿನಲ್ಲಿ ಹರಡಿದ್ದ, ಇಂದು ದೇಶದಲ್ಲಿ 150ಕ್ಕಿಂತ ಕಡಿಮೆ ಉಳಿದಿರುವ ದೊಡ್ಡ ಹಕ್ಕಿಗೆ ನಮ್ಮ ಜನ ಎರ್ಲಡ್ಡು, ಎರೆಭೂತ ಎಂದು ಹೆಸರಿಟ್ಟರು. ಎರೆ ಹೊಲದಲ್ಲಿ ಅದನ್ನು ಕಂಡ ರೈತನ ದಾಖಲೆ ಆ ಹೆಸರಿನಲ್ಲಿಯೇ ಉಳಿದಿದೆ.

ನೆರೆಯ ಆಂಧ್ರದ ಕಡಪ ಜಿಲ್ಲೆಯಲ್ಲಿ, ಅಳಿದೇ ಹೋಯಿತೆಂದು ಭಾವಿಸಲಾಗಿದ್ದ ಜೆರ್ಡನ್ನನ ಓಟದ ಹಕ್ಕಿಯು 1986ರಲ್ಲಿ ಮತ್ತೆ ದೊರೆತಾಗ, ವಿಜ್ಞಾನಿಗಳಿಗೆ ದಾರಿ ತೋರಿದ್ದು ಸ್ಥಳೀಯ ಬೇಟೆಗಾರರ ತಿಳಿವಳಿಕೆ. ಲೋಕಕ್ಕೆ ಕಳೆದುಹೋದದ್ದು ಆ ಹಳ್ಳಿಯವರಿಗೆ ಕಳೆದಿರಲಿಲ್ಲ. ಕುರಿಗಾಹಿ ತೋರಿಸಿದ ತೋಳದ ಹೆಜ್ಜೆಯನ್ನು 'ನಾನು ಕಂಡೆ' ಎಂದು ಬರೆದುಕೊಳ್ಳುವ ನಗರದ ಯುವಕ ಸುಳ್ಳು ಹೇಳದಿರಬಹುದು. ಆದರೆ ಇನ್ನೊಬ್ಬನಿಗೆ ಸಲ್ಲಬೇಕಾದುದನ್ನು ತನ್ನದಾಗಿಸಿಕೊಂಡಿದ್ದಾನೆ.

ಹೇಳಬೇಕೇ, ಬಚ್ಚಿಡಬೇಕೇ?

ಈಗ ಕಠಿಣ ಪ್ರಶ್ನೆಗೆ ಬರೋಣ. ಸಿಂದಗಿ ತಾಲ್ಲೂಕಿನ ಒಬ್ಬ ಯುವಕ ಮಡ್ಡಿಯೊಂದರಲ್ಲಿ ಮರಿಗಳಿರುವ ತೋಳದ ಗವಿಯನ್ನು ಕಂಡನೆಂದು ಭಾವಿಸಿ. ಚಿತ್ರ ತೆಗೆದಿದ್ದಾನೆ. ಸ್ಥಳವನ್ನು ಎಲ್ಲರಿಗೂ ತಿಳಿಸಿದರೆ ನಾಳೆ ಹತ್ತು ಜನ ಕ್ಯಾಮೆರಾ ಹಿಡಿದು ಬರುತ್ತಾರೆ. ಹನ್ನೊಂದನೆಯವನು ವಿಷ ತರಬಹುದು. ಇದು ಕೇವಲ ಊಹೆಯ ಭಯವಲ್ಲ. ಚೀನಾದಲ್ಲಿ 1999ರಲ್ಲಿ ವಿಜ್ಞಾನಿಗಳು ಹೊಸ ಹಲ್ಲಿಯೊಂದನ್ನು ವರ್ಣಿಸಿ ಅದರ ನೆಲೆಯನ್ನು ಪ್ರಕಟಿಸಿದಾಗ, ಮಾರಾಟಕ್ಕಾಗಿ ಹಿಡಿಯುವವರು ಅದೇ ಬರಹದ ಜಾಡು ಹಿಡಿದು ಹೋಗಿ ಆ ಸ್ಥಳದಲ್ಲಿ ಅದನ್ನು ಇಲ್ಲವಾಗಿಸಿದರು. ನಮ್ಮ ಹೊಲಗಳ ಟಿಟ್ಟಿಭವನ್ನೇ ನೋಡಿ. ನೆಲದ ಮೇಲೆ ಮೊಟ್ಟೆಯಿಡುವ ಆ ಹಕ್ಕಿ ಸುಡುಬಿಸಿಲಿನಲ್ಲಿ ತನ್ನ ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ತೋಯಿಸಿಕೊಂಡು ಬಂದು ಮೊಟ್ಟೆಗಳನ್ನು ತಂಪಾಗಿಡುತ್ತದೆ. ಒಳ್ಳೆಯ ಚಿತ್ರಕ್ಕಾಗಿ ಗೂಡಿನ ಬಳಿ ಒಂದು ಗಂಟೆ ನಿಂತವನು ಕೇಡು ಬಯಸಿರಲಿಕ್ಕಿಲ್ಲ. ಆದರೂ ಆ ಬಿಸಿಲು ಮೊಟ್ಟೆಯೊಳಗಿನ ಜೀವವನ್ನು ಕೊಲ್ಲಬಲ್ಲದು.

ಮಹಾಭಾರತದ ಕರ್ಣಪರ್ವದಲ್ಲಿ ಕೌಶಿಕನೆಂಬ ತಪಸ್ವಿಯ ಕಥೆಯಿದೆ. ಸದಾ ಸತ್ಯವನ್ನೇ ನುಡಿಯುವ ವ್ರತ ಅವನದು. ದರೋಡೆಕೋರರಿಗೆ ಹೆದರಿದ ಜನರು ಅವನೆದುರಿನಲ್ಲೇ ಓಡಿ ಕಾಡಿನಲ್ಲಿ ಅಡಗಿದರು. ದರೋಡೆಕೋರರು ಬಂದು ಕೇಳಿದಾಗ ಕೌಶಿಕ ಇದ್ದದ್ದನ್ನು ಇದ್ದಂತೆ ಹೇಳಿದ. ಅಡಗಿದವರು ಹತರಾದರು, ಸತ್ಯವಂತನಾದ ಕೌಶಿಕನಿಗೆ ನರಕ ಪ್ರಾಪ್ತಿಯಾಯಿತು.

ಸಂತ ಅಗಸ್ಟೀನರು ಸುಳ್ಳಿನ ಕುರಿತು ಬರೆದ ಗ್ರಂಥದಲ್ಲಿ ಇದೇ ಇಕ್ಕಟ್ಟಿಗೆ ಸಿಲುಕಿದ ಇನ್ನೊಬ್ಬರನ್ನು ನೆನೆಯುತ್ತಾರೆ: ಅವರ ಹುಟ್ಟೂರಾದ ಥಗಸ್ತೆಯಲ್ಲಿದ್ದ ಧರ್ಮಾಧ್ಯಕ್ಷ ಫಿರ್ಮುಸ್. ತಮ್ಮಲ್ಲಿ ಆಶ್ರಯ ಪಡೆದವನನ್ನು ಹುಡುಕಿಕೊಂಡು ಚಕ್ರವರ್ತಿಯ ಅಧಿಕಾರಿಗಳು ಬಂದರು. ಅವನು ಇಲ್ಲಿಲ್ಲವೆಂದು ಫಿರ್ಮುಸ್ ಹೇಳಲಿಲ್ಲ, ಎಲ್ಲಿದ್ದಾನೆಂದೂ ಹೇಳಲಿಲ್ಲ. ತಾನು ಸುಳ್ಳಾಡಲಾರೆ, ಹಿಡಿದುಕೊಡಲೂ ಆರೆ ಎಂದು ತಿಳಿಸಿ ಚಿತ್ರಹಿಂಸೆಯನ್ನು ಸಹಿಸಿಕೊಂಡರು. ಕೊನೆಗೆ ಚಕ್ರವರ್ತಿಯೇ ಅವರ ದೃಢತೆಗೆ ಮೆಚ್ಚಿ ಆ ವ್ಯಕ್ತಿಯನ್ನು ಕ್ಷಮಿಸಿದ.

ಸುಳ್ಳು ಹೇಳುವುದಕ್ಕೂ ಸತ್ಯವನ್ನು ಕಾಪಿಡುವುದಕ್ಕೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ. ಇಂದು ಜಾಲತಾಣಗಳೂ ಹೆಚ್ಚುಕಡಿಮೆ ಇದೇ ಮಾರ್ಗವನ್ನು ಅನುಸರಿಸುತ್ತಿವೆ. ಎರ್ಲಡ್ಡುವಿನಂತಹ ಅಪಾಯದಲ್ಲಿರುವ ಜೀವಿಗಳ ದಾಖಲೆಯನ್ನು ಇ-ಬರ್ಡ್ ಸ್ವೀಕರಿಸುತ್ತದೆ. ನಿಖರ ಸ್ಥಳವನ್ನು ಸಾರ್ವಜನಿಕರಿಗೆ ತೋರಿಸುವುದಿಲ್ಲ. ಐ-ನ್ಯಾಚುರಲಿಸ್ಟ್ ಕೂಡ ಅಂತಹ ಜೀವಿಗಳ ಸ್ಥಳವನ್ನು ಮಸುಕುಗೊಳಿಸುತ್ತದೆ. ಸಾಕ್ಷಿ ಉಳಿಯುತ್ತದೆ, ಆಶ್ರಯವೂ ಉಳಿಯುತ್ತದೆ.

ಆದರೆ ನಮ್ಮ ಯುವಕನ ಕಷ್ಟ ಇಲ್ಲಿಗೆ ಮುಗಿಯುವುದಿಲ್ಲ. ಗವಿಯ ಜಾಗವನ್ನು ಕೇಳಿ ಬರುವವನು ದರೋಡೆಕೋರನಾಗಿರದೆ ನಿನ್ನೆ ರಾತ್ರಿ ಮೂರು ಕುರಿ ಕಳೆದುಕೊಂಡ ಕುರಿಗಾಹಿಯಾಗಿದ್ದರೆ? ಅವನು ಬಡವ, ನೊಂದವ, ನಮ್ಮ ನೆರೆಯವ. ಅವನ ಮುಂದೆ ಮೌನವಾಗಿರುವ ಹಕ್ಕು ನಮಗೆ ಎಲ್ಲಿಂದ ಬಂತು?

ಫಿರ್ಮುಸ್ ತಮ್ಮ ಮೌನದ ಬೆಲೆಯನ್ನು ತಮ್ಮ ಮೈಮೇಲೆ ಹೊತ್ತುಕೊಂಡರು ಎಂಬುದನ್ನು ಇಲ್ಲಿ ಗಮನಿಸಬೇಕು. ಗುಟ್ಟು ಕಾಯುವವನು ಆ ಗುಟ್ಟಿನ ಭಾರವನ್ನು ಇನ್ನೊಬ್ಬನ ಬೆನ್ನಿಗೆ ಹೊರಿಸಬಾರದು. ತೋಳವನ್ನು ಉಳಿಸಬೇಕೆನ್ನುವವನು ಕುರಿಗಾಹಿಯೊಂದಿಗೆ ಅರಣ್ಯ ಇಲಾಖೆಯ ಬಾಗಿಲಿಗೆ ಹೋಗಿ ಪರಿಹಾರದ ಅರ್ಜಿ ಬರೆದುಕೊಡಲಿ. ಕುರಿದೊಡ್ಡಿಗೆ ಗಟ್ಟಿಯಾದ ಬೇಲಿ ಹಾಕಲು ಕೈಜೋಡಿಸಲಿ. ಅಷ್ಟೂ ಮಾಡದೆ ಸ್ಥಳವನ್ನು ಮಾತ್ರ ಮುಚ್ಚಿಟ್ಟರೆ ಅದು ತೋಳದ ಮೇಲಿನ ದಯೆ, ಖರ್ಚು ಕುರಿಗಾಹಿಯದು.

ಇಂಡಿಯಿಂದ ಗಡಿಯಾಚೆಗಿರುವ ಸೊಲ್ಲಾಪುರದ ಕಡೆಯಲ್ಲಿ ಇದರ ಕಹಿ ಅನುಭವವಾಗಿದೆ. ನಾನ್ನಜ್ ಪ್ರದೇಶದ ಎರ್ಲಡ್ಡುವಿಗಾಗಿ 1979ರಲ್ಲಿ ಘೋಷಿಸಿದ ಅಭಯಧಾಮವು ಸುಮಾರು 8,500 ಚದರ ಕಿಲೋಮೀಟರ್‌ಗಳಷ್ಟು ವಿಸ್ತಾರವಾಗಿ ರೈತರ ಸ್ವಂತ ಹೊಲಗಳನ್ನೂ ಒಳಗೊಂಡಿತ್ತು. ನಿರ್ಬಂಧಗಳ ಭಾರ ರೈತರ ಮೇಲೆ ಬಿತ್ತು. ಹಕ್ಕಿ ಬಂದರೆ ಹೊಲ ಹೋಯಿತೆಂಬ ಅಸಮಾಧಾನ ಬೆಳೆಯಿತು. ಮುಂದೆ ಅದರ ಬಹುಪಾಲು ಪ್ರದೇಶವನ್ನು ಕೈಬಿಡಬೇಕಾಯಿತು. ಹಕ್ಕಿಯನ್ನು ಕಂಡವನು ಹೇಳಿದ ಸತ್ಯ ತಪ್ಪಾಗಿರಲಿಲ್ಲ. ಆ ಸತ್ಯದ ಹೊರೆಯನ್ನು ಹಂಚಿದ ರೀತಿ ತಪ್ಪಾಗಿತ್ತು.

ಮೌನವೂ ಎಲ್ಲ ವೇಳೆಯಲ್ಲಿ ಸದ್ಗುಣವಲ್ಲ. ಅದೇ ಮಡ್ಡಿಯಲ್ಲಿ ಕಲ್ಲುಗಣಿಗೆ ಅನುಮತಿ ಕೊಡುವ ಮಾತು ಬಂದಾಗ, ಅಲ್ಲಿ ಏನೂ ಇಲ್ಲವೆಂದು ಅಧಿಕಾರಿ ಬರೆಯುವಾಗ, ಕಂಡವನು ಬಾಯಿ ಮುಚ್ಚಿದ್ದರೆ ಅವನು ಹಿಡಿದುಕೊಟ್ಟಂತೆಯೇ ಸರಿ. ಕೇಳುವವನು ಯಾರು, ಏಕೆ ಕೇಳುತ್ತಾನೆ, ಹೇಳಿದರೆ ಅಥವಾ ಹೇಳದಿದ್ದರೆ ನೋವು ಯಾರಿಗೆ ಎಂಬ ಮೂರನ್ನು ವಿಚಾರಿಸಿ ನಾಲಿಗೆಯನ್ನು ಬಿಚ್ಚಬೇಕು ಅಥವಾ ಕಟ್ಟಬೇಕು.

ವಾಚಕರೇ, ಈ ವಿವೇಕವನ್ನು ಮಕ್ಕಳಿಗೆ ಕಲಿಸಲು ದೊಡ್ಡ ಸಲಕರಣೆಗಳು ಬೇಕಿಲ್ಲ. ಮನೆಯ ಮುಂದಿನ ಬೇವಿನ ಮರ ಯಾವ ವಾರ ಚಿಗುರಿತು, ಯಾವ ವಾರ ಹೂಬಿಟ್ಟಿತು ಎಂದು ಒಂದು ಪುಸ್ತಕದಲ್ಲಿ ಬರೆಯಲು ಹೇಳಿ. ಮರಗಳ ಇಂತಹ ವಾರದ ದಾಖಲೆಗಳನ್ನು ದೇಶದಾದ್ಯಂತ ಶಾಲಾಮಕ್ಕಳಿಂದಲೂ ಸಂಗ್ರಹಿಸುವ ಸೀಸನ್‌ವಾಚ್ ಎಂಬ ಯೋಜನೆ ಇದೆ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಮತ್ತು ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ನಿಮ್ಮೂರಿನ ದಾಖಲಾತಿಯನ್ನು ಒಮ್ಮೆ ಕೇಳಿ ನೋಡಿ. ಅದರಲ್ಲಿ ನಿಮ್ಮ ಹಿರಿಯರು ಕಂಡದ್ದು ಸೇರಿದೆಯೇ ಎಂದು ವಿಚಾರಿಸಿ. ಮಗು ಹೊಲದಲ್ಲಿ ಟಿಟ್ಟಿಭದ ಮೊಟ್ಟೆ ಕಂಡು ಓಡಿ ಬಂದಾಗ, "ಎಷ್ಟು ಮೊಟ್ಟೆ ಇದ್ದವು?" ಎಂದು ಕೇಳಿ, ಸರಿಯಾಗಿ ಎಣಿಸಿ ಬರೆಯಲಿ. ಆಮೇಲೆ, "ಯಾರಿಗೆಲ್ಲ ಹೇಳಿದೆ?" ಎಂದೂ ಕೇಳಿ. ಎರಡನೆಯ ಪ್ರಶ್ನೆಗೆ ಉತ್ತರ ಹುಡುಕುವಾಗ ಮಗು ಕಲಿಯುವುದು ಹಕ್ಕಿಯ ವಿಷಯವನ್ನಷ್ಟೇ ಅಲ್ಲ. ನಾಳೆ ನೆರೆಮನೆಯವರ ಸಂಕಟ, ಸ್ನೇಹಿತನ ಗುಟ್ಟು, ದುರ್ಬಲನ ಅಡಗುದಾಣ ತನ್ನ ಕಣ್ಣಿಗೆ ಬಿದ್ದಾಗ ಹೇಗೆ ನಡೆದುಕೊಳ್ಳಬೇಕೆಂಬುದನ್ನೂ ಕಲಿಯುತ್ತದೆ.